ಅಂಕಪಟ್ಟಿಯಲ್ಲಿ ನೋಡಬೇಕಾದ ಎರಡು ಸಾಲು



ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರಕಟವಾದ ದಿನದಿಂದ ಪದವಿಪೂರ್ವ ಕಾಲೇಜುಗಳ ಪ್ರವೇಶವು ಮುಗಿಯುವವರೆಗೆ ನಮಗೆ ದೊರೆಯುವುದು ಕೆಲವೇ ವಾರಗಳ ಅವಧಿ. ಈ ಅಲ್ಪಾವಧಿಯಲ್ಲಿ ಹದಿನಾರು ವರ್ಷದ ಬಾಲಕ ಬಾಲಕಿಯರ ಬಾಳಿನ ದಾರಿಯು ಬಹುಮಟ್ಟಿಗೆ ನಿಶ್ಚಿತವಾಗಿಬಿಡುತ್ತದೆ. ಬೀಗತನ ಮಾಡುವಾಗ ಮೂರು ಊರಿನ ಹಿರಿಯರನ್ನು ವಿಚಾರಿಸುವ ನಾವು, ಹೊಲ ಕೊಳ್ಳುವಾಗ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಪರೀಕ್ಷಿಸುವ ನಾವು, ಈ ನಿರ್ಣಯವನ್ನು ಮಾತ್ರ ಒಂದು ಸಂಖ್ಯೆಯ ಕೈಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಶೇಕಡಾ 80 ಮುಟ್ಟಿದರೆ ವಿಜ್ಞಾನ. 70ರ ಆಸುಪಾಸಿನಲ್ಲಿದ್ದರೆ ವಾಣಿಜ್ಯ. ಅದಕ್ಕೂ ಕೆಳಗಿದ್ದರೆ ಕಲಾ ವಿಭಾಗ. ಬಾಗಲಕೋಟೆಯಲ್ಲಿಯೂ ಬಾದಾಮಿಯಲ್ಲಿಯೂ ಹುನಗುಂದ, ಇಳಕಲ್ಲಗಳಲ್ಲಿಯೂ ನಾನು ಕಂಡಿರುವುದು ಇದೇ ಅಲಿಖಿತ ಶಾಸನ. ಇದನ್ನು ಯಾವ ಸರಕಾರವೂ ಹೊರಡಿಸಿಲ್ಲ. ಆದರೂ ಸರಕಾರದ ಆಜ್ಞೆಗಿಂತ ಹೆಚ್ಚಿನ ಭಯಭಕ್ತಿಯಿಂದ ಎಲ್ಲರೂ ಇದನ್ನು ಪಾಲಿಸುತ್ತಾರೆ.

ಈ ಸಂಖ್ಯೆಯು ಯಾವುದರಿಂದ ಆಗಿದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡೋಣ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಟ್ಟು ಅಂಕಗಳು 625. ಅದರಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯ ಭಾಷೆಗೆ 100, ತೃತೀಯ ಭಾಷೆಗೆ 100. ಅಂದರೆ ಭಾಷೆಗಳಿಗೇ 325 ಅಂಕಗಳು ಸಲ್ಲುತ್ತವೆ, ಅರ್ಧಕ್ಕಿಂತ ಹೆಚ್ಚಾಯಿತು. ಸಮಾಜ ವಿಜ್ಞಾನಕ್ಕೆ 100. ಉಳಿದದ್ದು ಗಣಿತಕ್ಕೆ 100, ವಿಜ್ಞಾನಕ್ಕೆ 100. ಈ 200ರಲ್ಲಿಯೂ ತಲಾ 20ರಂತೆ 40 ಅಂಕಗಳು ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನದವು. ಅವನ್ನು ಕಳೆದರೆ, ಮಗುವು ಪರೀಕ್ಷಾ ಮಂದಿರದಲ್ಲಿ ಕುಳಿತು ಗಣಿತ ವಿಜ್ಞಾನಗಳೆರಡರಲ್ಲಿ ಬರೆದು ಪಡೆಯಬಹುದಾದ ಅಂಕಗಳು 160 ಮಾತ್ರ. 625ರಲ್ಲಿ 160! ವಿಜ್ಞಾನಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ನಿರ್ಣಯಿಸಲು ನಾವು ಆಶ್ರಯಿಸುವ ಸಂಖ್ಯೆಯಲ್ಲಿ ಮುಕ್ಕಾಲು ಭಾಗಕ್ಕೂ ಆ ಪ್ರಶ್ನೆಗೂ ನೇರ ಸಂಬಂಧವೇ ಇಲ್ಲ.

ಇದರ ಪರಿಣಾಮವನ್ನು ಉದಾಹರಣೆಗಾಗಿ ಕಲ್ಪಿಸಿದ ಮೂವರು ವಿದ್ಯಾರ್ಥಿಗಳಿಂದ ತಿಳಿಯಬಹುದು. ಮೊದಲನೆಯವನಿಗೆ ಕನ್ನಡದಲ್ಲಿ 120, ಇಂಗ್ಲಿಷಿನಲ್ಲಿ 90, ಹಿಂದಿಯಲ್ಲಿ 92, ಸಮಾಜ ವಿಜ್ಞಾನದಲ್ಲಿ 92, ಗಣಿತದಲ್ಲಿ 48, ವಿಜ್ಞಾನದಲ್ಲಿ 58. ಒಟ್ಟು 500, ಶೇಕಡಾ 80. ಎರಡನೆಯವನಿಗೆ ಕನ್ನಡದಲ್ಲಿ 92, ಇಂಗ್ಲಿಷಿನಲ್ಲಿ 58, ಹಿಂದಿಯಲ್ಲಿ 72, ಸಮಾಜ ವಿಜ್ಞಾನದಲ್ಲಿ 86, ಗಣಿತದಲ್ಲಿ 98, ವಿಜ್ಞಾನದಲ್ಲಿ 94. ಒಟ್ಟು ಅದೇ 500; ಶೇಕಡಾ 80. ನಮ್ಮ ಅಲಿಖಿತ ಶಾಸನದ ಕಣ್ಣಿಗೆ ಈ ಇಬ್ಬರೂ ಒಂದೇ. ಮೂರನೆಯವಳು ಒಬ್ಬ ಹುಡುಗಿಯೆಂದು ಇಟ್ಟುಕೊಳ್ಳೋಣ. ಅವಳಿಗೆ ಕನ್ನಡದಲ್ಲಿ 82, ಇಂಗ್ಲಿಷಿನಲ್ಲಿ 46, ಹಿಂದಿಯಲ್ಲಿ 54, ಸಮಾಜ ವಿಜ್ಞಾನದಲ್ಲಿ 63, ಗಣಿತದಲ್ಲಿ 91, ವಿಜ್ಞಾನದಲ್ಲಿ 89. ಒಟ್ಟು 425, ಶೇಕಡಾ 68. ಗಣಿತ ವಿಜ್ಞಾನಗಳನ್ನು ಮಾತ್ರ ಕೂಡಿಸಿದರೆ ಮೊದಲನೆಯವನಿಗೆ 106, ಈ ಹುಡುಗಿಗೆ 180. ಆದರೆ ವಿಜ್ಞಾನದ ಬಾಗಿಲು ತೆರೆಯುವುದು ಅವನಿಗೆ, ಮುಚ್ಚುವುದು ಇವಳಿಗೆ. ಕಾಲೇಜುಗಳ ಪ್ರವೇಶ ಪಟ್ಟಿಗಳು ಬಹುಮಟ್ಟಿಗೆ ಒಟ್ಟು ಅಂಕಗಳನ್ನೇ ಅನುಸರಿಸುವುದರಿಂದ ಮನೆಯವರು ಮಾಡಿದ ತಪ್ಪನ್ನು ತಿದ್ದುವವರು ಅಲ್ಲಿಯೂ ಇಲ್ಲ.

ಅಂಕಗಳೇ ಸುಳ್ಳು, ಪರೀಕ್ಷೆಯೇ ವ್ಯರ್ಥ ಎಂದು ಹೇಳುವವರ ಸಾಲಿನಲ್ಲಿ ನಾನು ನಿಲ್ಲುವವನಲ್ಲ. ಹತ್ತನೆಯ ತರಗತಿಯ ಬೀಜಗಣಿತವು ಅರ್ಥವಾಗದ ಮಗುವಿಗೆ ಪದವಿಪೂರ್ವದ ಭೌತಶಾಸ್ತ್ರವು ದಿನಂಪ್ರತಿಯ ಶಿಕ್ಷೆಯಾಗುತ್ತದೆ. ಅದನ್ನು ಅಂಕವು ಮೊದಲೇ ತಿಳಿಸುತ್ತದೆ. ಅಂಕಪಟ್ಟಿಯು ಮಾತನಾಡುತ್ತದೆ. ನಾವು ಅದರ ಕೊನೆಯ ಸಾಲನ್ನು ಮಾತ್ರ ಓದಿ ನಡುವಿನ ಎರಡು ಸಾಲುಗಳನ್ನು ಬಿಟ್ಟುಬಿಡುತ್ತೇವೆ ಎಂಬುದಷ್ಟೇ ನನ್ನ ತಕರಾರು.

ಆ ಕೊನೆಯ ಸಾಲಾದರೂ ಸ್ಥಿರವಾದ ಅಳತೆಗೋಲೇ? 2021ರಲ್ಲಿ ಕೋವಿಡ್ ಹಾವಳಿಯ ಕಾರಣ ಪರೀಕ್ಷೆಯನ್ನು ಸಂಕ್ಷೇಪಗೊಳಿಸಿ, ಬಹು ಆಯ್ಕೆಯ ಪ್ರಶ್ನೆಗಳನ್ನು ಕೊಟ್ಟು ಎರಡು ದಿನಗಳಲ್ಲಿ ಮುಗಿಸಲಾಯಿತು. ಆ ವರ್ಷ 625ಕ್ಕೆ 625 ಪಡೆದವರು ರಾಜ್ಯದಲ್ಲಿ 157 ಮಂದಿ. 2024ರ ಮೊದಲ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದವಳು ಒಬ್ಬಳೇ. ಅವಳು ನಮ್ಮ ಜಿಲ್ಲೆಯ ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ ಎಂಬುದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯ. 2023ರಲ್ಲಿ ರಾಜ್ಯದ ಉತ್ತೀರ್ಣ ಪ್ರಮಾಣವು ಶೇಕಡಾ 83.89 ಇದ್ದದ್ದು 2024ರಲ್ಲಿ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳು ಅಷ್ಟು ಮಂದಮತಿಗಳಾದರೇ? ಇಲ್ಲ. ಆ ವರ್ಷ ಪರೀಕ್ಷಾ ಮಂದಿರಗಳಲ್ಲಿ ಕ್ಯಾಮೆರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಕೃಪಾಂಕವನ್ನು ಹೆಚ್ಚಿಸಿ ಕೊಟ್ಟ ಮೇಲೆಯೂ ಫಲಿತಾಂಶವು ಅಷ್ಟಕ್ಕೆ ನಿಂತಿತು. ಹೀಗಿರುವಾಗ ಅಣ್ಣನ 85ನ್ನು ತಮ್ಮನ 76ರೊಡನೆ ತೂಗಿ, ‘ನಿನ್ನಿಂದ ಆಗದು’ ಎಂದು ತಮ್ಮನನ್ನು ಹಿಂದಕ್ಕೆ ಸರಿಸುವುದು ಯಾವ ನ್ಯಾಯ? ಅಳೆದ ಸೇರೇ ಬೇರೆಯಾಗಿತ್ತಲ್ಲ.

ನಮ್ಮ ದೇಶದಲ್ಲಿ ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳೂ ಗಣಿತ ವಿಜ್ಞಾನಗಳನ್ನು ಕಡ್ಡಾಯವಾಗಿ ಓದಬೇಕೆಂದು ಸೂಚಿಸಿದ್ದು 1964–66ರ ಕೊಠಾರಿ ಆಯೋಗ. ಚಿಕ್ಕ ವಯಸ್ಸಿನಲ್ಲಿಯೇ ಮಕ್ಕಳನ್ನು ಬೇರೆ ಬೇರೆ ಕವಲುಗಳಿಗೆ ಹಂಚಬಾರದು, ಹತ್ತು ವರ್ಷ ಎಲ್ಲವನ್ನೂ ರುಚಿ ನೋಡಿದ ಮೇಲೆ ಅವರು ಆರಿಸಿಕೊಳ್ಳಲಿ ಎಂಬುದು ಅದರ ಆಶಯವಾಗಿತ್ತು. ರುಚಿ ನೋಡಿದವರು ಮಕ್ಕಳು. ಆರಿಸುವವರು ನಾವು!

ಎರಡು ವರ್ಷಗಳ ಹಿಂದೆ ಬಾದಾಮಿ ತಾಲೂಕಿನ ಒಕ್ಕಲಿಗ ಗೃಹಸ್ಥರೊಬ್ಬರು ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಅಂಕಪಟ್ಟಿಯು ನಾನು ಮೇಲೆ ಹೇಳಿದ ಮೊದಲನೆಯ ವಿದ್ಯಾರ್ಥಿಯದನ್ನೇ ಹೋಲುತ್ತಿತ್ತು. ಗಣಿತದಲ್ಲಿ ಹುಡುಗನು ಕಷ್ಟಪಟ್ಟು ದಡ ಸೇರಿದ್ದನು. ನಾನು ಆ ಸಾಲನ್ನು ತೋರಿಸಿದೆನು. ಅವರೆಂದರು: “ಅದೇನ ಇರಲಿ ಗುರುಗಳ, ಎಂಬತ್ತ ಪರ್ಸೆಂಟ್ ಆಗೇತ್ರಿ. ಸೈನ್ಸ್ ಬಿಟ್ಟು ಆರ್ಟ್ಸಿಗೆ ಹಾಕಿದರ ನಾಕ ಮಂದ್ಯಾಗ ತಲಿ ಎತ್ತಿ ತಿರಗೂದು ಹೆಂಗ್ರಿ?” ಹುಡುಗನನ್ನು ಮಾತನಾಡಿಸಿದೆನು. ಅವನು ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಮಂಗಲೇಶನ ಶಾಸನದ ವಿಷಯವನ್ನು ಎತ್ತಿದವನು ಅರ್ಧ ತಾಸು ನಿಲ್ಲಲಿಲ್ಲ. ತಂದೆಯು ಮೌನವಾಗಿ ಕೇಳುತ್ತಿದ್ದರು. ಆದರೂ ವಾರದೊಳಗೆ ಅವನನ್ನು ದೂರದ ಊರಿನ ವಿಜ್ಞಾನ ಕಾಲೇಜಿಗೆ, ವಸತಿ ಸಹಿತ, ಸಾಲ ಮಾಡಿ ಸೇರಿಸಿದರು. ಮೊದಲ ವರ್ಷದ ಕೊನೆಗೆ ಹುಡುಗನು ಗಣಿತ, ಭೌತಶಾಸ್ತ್ರಗಳೆರಡರಲ್ಲಿಯೂ ನಪಾಸಾಗಿ ಮನೆಗೆ ಬಂದನು. ಈಗ ಹತ್ತಿರದ ಕಾಲೇಜಿನಲ್ಲಿ ಇತಿಹಾಸವನ್ನು ಓದುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಿದ್ದಾನೆ. ಒಂದು ವರ್ಷ ಹೋಯಿತು, ಸಾಲವು ಉಳಿಯಿತು. ಇವೆರಡಕ್ಕಿಂತ ಮಿಗಿಲಾಗಿ, ‘ನಾನು ದಡ್ಡ’ ಎಂಬ ಮಾತು ಆ ಹುಡುಗನ ಬಾಯಿಂದ ಎರಡು ಸಲ ಬಂದದ್ದನ್ನು ನಾನು ಕೇಳಿದೆನು. ಶಾಸನದ ಕಾಲಗಣನೆಯನ್ನು ಬಿಡಿಸಿ ಹೇಳಬಲ್ಲ ಹುಡುಗ!

ಪಾಲಕರ ವಾದದಲ್ಲಿಯೂ ಒಂದು ಸತ್ಯಾಂಶವಿದೆ ಎಂಬುದನ್ನು ಮರೆಮಾಚಲಾಗದು. ವಿಜ್ಞಾನ ಓದಿದವನು ಮುಂದೆ ವಾಣಿಜ್ಯಕ್ಕೋ ಕಾನೂನಿಗೋ ಇತಿಹಾಸಕ್ಕೋ ಹೋಗಬಹುದು. ಕಲಾ ವಿಭಾಗದಿಂದ ವಿಜ್ಞಾನಕ್ಕೆ ಮರಳುವ ದಾರಿಯು ಬಲು ಕಿರಿದು. ಆದುದರಿಂದ ‘ಮೊದಲು ಸೈನ್ಸ್ ಮಾಡಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಇದು ಒಪ್ಪತಕ್ಕ ಮಾತೇ. ಆದರೆ ಈ ಮಾತು ಆ ಶೇಕಡಾ 68ರ ಹುಡುಗಿಗೂ ಅನ್ವಯಿಸಬೇಕಲ್ಲವೇ? ಅವಳಿಗೆ ಆ ಬಾಗಿಲನ್ನು ಹದಿನಾರನೆಯ ವರ್ಷದಲ್ಲಿಯೇ ಏಕೆ ಮುಚ್ಚುತ್ತೇವೆ?

ಹೆಣ್ಣುಮಕ್ಕಳ ವಿಷಯ ಬಂದಾಗ ನಮ್ಮ ಅಂಕನಿಷ್ಠೆಯೂ ಸಡಿಲಾಗುತ್ತದೆ ಎಂಬುದು ವಿಚಿತ್ರ. ಎಸ್.ಎಸ್.ಎಲ್.ಸಿ.ಯಲ್ಲಿ ವರ್ಷವರ್ಷವೂ ಬಾಲಕರಿಗಿಂತ ಬಾಲಕಿಯರೇ ಮುಂದಿರುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ಮನೆಯಲ್ಲಿ ಮಗನಿಗೆ 65 ಬಂದರೂ ಕೈಗಡ ಮಾಡಿ ವಿಜ್ಞಾನ ಕೊಡಿಸುವವರು, ಮಗಳಿಗೆ 85 ಬಂದರೆ ‘ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಸಂಜೆಯಾಗುತ್ತದೆ, ಆಮೇಲೆ ಬಸ್ಸು ಇಲ್ಲ’ ಎನ್ನುತ್ತಾರೆ. ಬಸ್ಸಿನ ತೊಂದರೆ ನಿಜ. ನಮ್ಮ ಎಷ್ಟೋ ಹಳ್ಳಿಗಳಿಂದ ವಿಜ್ಞಾನ ವಿಭಾಗವಿರುವ ಕಾಲೇಜಿಗೆ ಬರಲು ತಾಲೂಕು ಕೇಂದ್ರಕ್ಕೇ ಬರಬೇಕು. ಆದರೆ ಅದು ಬಸ್ಸಿನ ತೊಂದರೆಯೇ ಹೊರತು ಮಗಳ ಬುದ್ಧಿಯ ತೊಂದರೆಯಲ್ಲ. ಗ್ರಾಮದ ಹಿರಿಯರು ನಾಲ್ಕು ಜನ ಕೂಡಿ ಡಿಪೋ ವ್ಯವಸ್ಥಾಪಕರಿಗೆ ಅರ್ಜಿ ಕೊಡಬಹುದಾದ ವಿಷಯವಿದು.

ಇಳಕಲ್ಲದ ನೇಕಾರರ ಓಣಿಯಲ್ಲಿ ಒಮ್ಮೆ ನಡೆದು ಬನ್ನಿ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಇವೆರಡರ ಎಳೆ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೆ ಸೆರಗು ಕೆಡುತ್ತದೆ. ಸೆರಗಿನ ತೋಪತೆನಿಯಲ್ಲಿ ಕೆಂಪು ಬಿಳುಪುಗಳು ಎಷ್ಟೆಷ್ಟು ಹೊಕ್ಕಿಗೆ ಬದಲಾಗಬೇಕೆಂಬ ಲೆಕ್ಕವನ್ನು ಕಾಗದದ ಮೇಲೆ ಬರೆಯದೆಯೇ ಇಟ್ಟುಕೊಳ್ಳುವ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಬಣ್ಣ ಹಾಕುವವರ ಮನೆಯಲ್ಲಿ ನೀರು ಎಷ್ಟು ಕಾಯಬೇಕು, ಬಣ್ಣವು ನೂಲಿಗೆ ಹೇಗೆ ಹಿಡಿಯುತ್ತದೆ ಎಂಬುದು ನಿತ್ಯದ ಮಾತು. ಇದು ಗಣಿತವಲ್ಲವೇ, ರಸಾಯನಶಾಸ್ತ್ರವಲ್ಲವೇ? ಅದೇ ಮನೆಯ ಮಗಳು ಹಿಂದಿಯಲ್ಲಿ 54 ಪಡೆದಳೆಂಬ ಕಾರಣಕ್ಕೆ ವಿಜ್ಞಾನಕ್ಕೆ ತಕ್ಕವಳಲ್ಲವೆಂದು ನಿರ್ಣಯಿಸುವುದು ನನಗೆ ಎಂದೂ ಅರ್ಥವಾಗದ ಸಂಗತಿ.

ನಮ್ಮ ಸೀಮೆಯೇ ವಿಜ್ಞಾನದ ತೆರೆದ ಪುಸ್ತಕವಾಗಿದೆ. ಇಳಕಲ್ಲದ ಕೆಂಪು ಗ್ರಾನೈಟು ಭೂಗರ್ಭದ ಕರಗಿದ ದ್ರವ್ಯವು ತಣಿದು ಹುಟ್ಟಿದ ಕಲ್ಲು. ಬಾದಾಮಿಯ ಕೆಂಪು ಕಲ್ಲು ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು, ಅದಕ್ಕೆ ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿದ್ದ ಬಾಗಲಕೋಟೆ ತಾಲೂಕಿನ ಕಲಾದಗಿಯ ಹೆಸರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯ 1876ರ ಗ್ರಂಥದ ಮೂಲಕ ಜಗತ್ತಿನ ಭೂವಿಜ್ಞಾನದ ಪುಸ್ತಕಗಳನ್ನು ಸೇರಿತು. ಈ ಭಾಗದ ಪುರಾತನ ಶಿಲಾಸಮೂಹಕ್ಕೆ ಇಂದಿಗೂ ಕಲಾದಗಿಯ ಹೆಸರೇ ಇದೆ. ಆಲಮಟ್ಟಿಯ ಜಲಾಶಯವು 519.60 ಮೀಟರಿಗೆ ತುಂಬಿತೆಂದರೆ ಏನೆಂಬುದನ್ನು ಮುಳುಗಡೆಯಿಂದ ನವನಗರಕ್ಕೆ ಬಂದ ಬಾಗಲಕೋಟೆಯ ಯಾವ ಮನೆಗೂ ವಿವರಿಸಬೇಕಾಗಿಲ್ಲ. ಹುನಗುಂದದ ಕಡೆ ಮರೋಳ ಏತ ನೀರಾವರಿಯಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರು ಕೊಡುವ ಯೋಜನೆಯನ್ನು ಹಾಕಿದರು. ಕೊಳವೆಯಲ್ಲಿ ನೀರಿನ ಒತ್ತಡವು ಕೊನೆಯ ಹೊಲದವರೆಗೆ ಹೇಗೆ ಉಳಿಯಬೇಕೆಂಬುದು ಅಲ್ಲಿಯ ರೈತನಿಗೆ ಹೊಟ್ಟೆಪಾಡಿನ ಪ್ರಶ್ನೆ. ಇಂಥ ಪ್ರಶ್ನೆಗಳನ್ನು ತಾನಾಗಿ ಕೇಳುವ ಮಗು ಯಾವುದು, ಕೇಳದ ಮಗು ಯಾವುದು ಎಂಬುದು ಮನೆಯಲ್ಲಿರುವ ತಾಯಿಗೆ ಗೊತ್ತಿರುತ್ತದೆ. ಅಂಕಪಟ್ಟಿಗೆ ಗೊತ್ತಿರುವುದಿಲ್ಲ.

ನಾನು ಓದಿದ್ದು ಮಠದ ಪಾಠಶಾಲೆಯಲ್ಲಿ. ಅಲ್ಲಿ ಅಮರಕೋಶವನ್ನು ಎಲ್ಲರೂ ಬಾಯಿಪಾಠ ಮಾಡಲೇಬೇಕಿತ್ತು. ಅದಾದ ಮೇಲೆ ಗುರುಗಳು ಕೆಲವು ದಿನ ಏನನ್ನೂ ಹೇಳದೆ ನಮ್ಮನ್ನು ಗಮನಿಸುತ್ತಿದ್ದರು. ಶ್ಲೋಕದ ಇಂಪಿಗೆ ತಲೆದೂಗುವವನನ್ನು ಕಾವ್ಯಕ್ಕೆ ಕಳಿಸುತ್ತಿದ್ದರು. ಪಾಠದ ನಡುವೆ ‘ಅದು ಹೇಗೆ’ ಎಂದು ಅಡ್ಡಿಪಡಿಸುವವನ ಕೈಗೆ ತರ್ಕಸಂಗ್ರಹವನ್ನು ಕೊಡುತ್ತಿದ್ದರು. ಹೆಚ್ಚು ಶ್ಲೋಕ ಒಪ್ಪಿಸಿದವನಿಗೇ ತರ್ಕ ಎಂಬ ನಿಯಮವನ್ನು ಅವರು ಮಾಡಿದ್ದರೆ ನಮ್ಮ ತರಗತಿಯ ಅತ್ಯುತ್ತಮ ತಾರ್ಕಿಕನು ಅಡುಗೆಮನೆಗೆ ಕಟ್ಟಿಗೆ ಒಡೆಯುತ್ತ ಉಳಿಯುತ್ತಿದ್ದನು. ಅವನಿಗೆ ಮರೆವು ಬಹಳ. (ಕಟ್ಟಿಗೆಯನ್ನೂ ಅವನು ಚೆನ್ನಾಗಿ ಒಡೆಯುತ್ತಿರಲಿಲ್ಲವೆನ್ನಿ.)

ಇನ್ನು, ಸರಿಯಾಗಿಯೇ ಆರಿಸಿಕೊಂಡು ವಿಜ್ಞಾನಕ್ಕೆ ಹೋದ ನಮ್ಮ ಹಳ್ಳಿಯ ಮಕ್ಕಳು ಮೊದಲ ವರ್ಷದಲ್ಲಿ ಎಡವುವುದೇಕೆ? ಎರಡು ಕಾರಣಗಳನ್ನು ನಾನು ಬಲ್ಲೆ. ಮೊದಲನೆಯದು ಭಾಷೆ. ಹತ್ತನೆಯ ತರಗತಿಯವರೆಗೆ ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂದು ಓದಿದ ಮಗುವಿಗೆ ಜೂನ್ ತಿಂಗಳಲ್ಲಿ ಅದೇ ಸಂಗತಿಗಳು ಇಂಗ್ಲಿಷಿನ ವೇಷದಲ್ಲಿ ಎದುರಾಗುತ್ತವೆ. ವಿಷಯವು ಹಳೆಯದು, ಮುಖವು ಹೊಸದು. ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳು ಬೀಳುತ್ತವೆ. ಮನೆಯವರು ‘ಇವನಿಗೆ ಸೈನ್ಸ್ ಹತ್ತುವುದಿಲ್ಲ’ ಎಂದು ತೀರ್ಪು ಕೊಡುತ್ತಾರೆ. ಹತ್ತದೇ ಇದ್ದದ್ದು ವಿಜ್ಞಾನವಲ್ಲ, ಪದಗಳು. ಫಲಿತಾಂಶಕ್ಕೂ ಕಾಲೇಜಿನ ಪ್ರಾರಂಭಕ್ಕೂ ನಡುವೆ ದೊರೆಯುವ ವಾರಗಳಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಕನ್ನಡ ಪ್ರತಿಯನ್ನೂ ಇಂಗ್ಲಿಷ್ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಪಾರಿಭಾಷಿಕ ಶಬ್ದಗಳನ್ನು ಒಂದು ನೋಟುಪುಸ್ತಕದಲ್ಲಿ ಎರಡೂ ಭಾಷೆಗಳಲ್ಲಿ ಬರೆದುಕೊಳ್ಳಲು ಹೇಳಿರಿ. ಖರ್ಚಿಲ್ಲದ ಉಪಾಯ; ಮೇಲೆ ಹೇಳಿದ, ಇಂಗ್ಲಿಷಿನಲ್ಲಿ 46 ಪಡೆದಂಥ ಹುಡುಗಿಗೆ ಇದು ಅತ್ಯವಶ್ಯ.

ಎರಡನೆಯ ಕಾರಣವು ಸೂಕ್ಷ್ಮವಾದದ್ದು. ಆಸ್ಟ್ರೇಲಿಯದಲ್ಲಿ ಬಹುಕಾಲ ಕೆಲಸ ಮಾಡಿದ ಹರ್ಬರ್ಟ್ ಮಾರ್ಷ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಮಗುವು ತನ್ನ ಶಕ್ತಿಯನ್ನು ಎರಡು ರೀತಿಯಿಂದ ಅಳೆದುಕೊಳ್ಳುತ್ತದೆ: ಸುತ್ತಲಿನ ಸಹಪಾಠಿಗಳೊಡನೆ ಹೋಲಿಸಿ, ಮತ್ತು ತನ್ನದೇ ಬೇರೆ ವಿಷಯಗಳೊಡನೆ ಹೋಲಿಸಿ. ಆದುದರಿಂದಲೇ ಹಳ್ಳಿಯ ಪ್ರೌಢಶಾಲೆಗೆ ಪ್ರಥಮನಾಗಿದ್ದ ಹುಡುಗನು ನಗರದ ಹೆಸರಾಂತ ಕಾಲೇಜಿನಲ್ಲಿ ನಲವತ್ತನೆಯವನಾದಾಗ, ಕಲಿತದ್ದು ಕಡಿಮೆಯಾಗದಿದ್ದರೂ, ತನ್ನ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ. ಮಾರ್ಷರು ಇದನ್ನು ಸಣ್ಣ ಕೆರೆಯಲ್ಲಿ ದೊಡ್ಡ ಮೀನಾಗಿದ್ದವನ ಪಾಡು ಎಂದು ಕರೆದರು. ಹಾಗೆಯೇ, ಗಣಿತದಲ್ಲಿ 90 ಪಡೆದ ಹುಡುಗಿಗೆ ಕನ್ನಡದಲ್ಲಿ 123 ಬಂದಿದ್ದರೆ ‘ನನ್ನ ಗಣಿತ ಸಾಲದು’ ಎಂದೇ ಅನಿಸುತ್ತದೆ. ಇದನ್ನು ಅರಿತ ಪಾಲಕರು ಮೊದಲ ವರ್ಷದ ಅಂಕಗಳನ್ನು ನೆರೆಮನೆಯವನ ಅಂಕಗಳೊಡನೆ ತೂಗಲಾರರು. ಕಾಲೇಜನ್ನು ಆರಿಸುವಾಗಲೂ ಫಲಕದ ಮೇಲಿನ ಭಾವಚಿತ್ರಗಳನ್ನು ನೋಡಿ ಮರುಳಾಗದೆ, ಪ್ರಯೋಗಶಾಲೆಯ ಬಾಗಿಲು ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂದು ವಿಚಾರಿಸುವರು. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ ತಲಾ 30 ಅಂಕಗಳು ಪ್ರಯೋಗಕ್ಕೇ ಮೀಸಲು.

ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಲ್ಲಿ ಹುಟ್ಟಿತು. 1963ರಲ್ಲಿ ಅದರ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇಲ್ಲಿಗೆ ಬಂದಿತು. ವಿಜ್ಞಾನವೆಂದರೆ ವೈದ್ಯ ಇಲ್ಲವೇ ಇಂಜಿನಿಯರು ಎಂಬ ಎರಡೇ ಹಾದಿಗಳನ್ನು ಬಲ್ಲವರಿಗೆ ಈ ಮೂರನೆಯದರ ವಿಷಯ ಹೇಳಬೇಕು. ತೋಟಗಾರಿಕೆ, ಕೃಷಿ ಮೊದಲಾದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದು ಮೀಸಲಿಟ್ಟ ಸ್ಥಾನಗಳಿವೆ, ಅವುಗಳಿಗಾಗಿ ಸಿ.ಇ.ಟಿ.ಯ ಜೊತೆಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೊಂದು ನಡೆಯುತ್ತದೆ. ಅಲ್ಲಿ ಮೇಜಿನ ಮೇಲಿಟ್ಟ ಬೀಜ, ಬೆಳೆ, ಗೊಬ್ಬರ, ಒಕ್ಕಲುತನದ ಸಲಕರಣೆಗಳನ್ನು ಕಂಡು ಗುರುತಿಸಿ ಹೇಳಬೇಕು. ಮುಂಗಾರಿ ಹಿಂಗಾರಿಗಳಲ್ಲಿ ತಂದೆಯೊಡನೆ ಕೂರಿಗೆಯ ಹಿಂದೆ ನಡೆದ ಮಗುವಿಗೆ ಇದಕ್ಕಿಂತ ಹಿತವಾದ ಪರೀಕ್ಷೆ ಬೇರೊಂದಿಲ್ಲ. ಆದರೆ ಆ ಮೇಜಿನ ಹತ್ತಿರ ಹೋಗಬೇಕಾದರೆ ಪದವಿಪೂರ್ವದಲ್ಲಿ ವಿಜ್ಞಾನವನ್ನು ಓದಿರಬೇಕು. ಶೇಕಡಾ 68 ಬಂದಿತೆಂದು ಜೂನ್ ತಿಂಗಳಿನಲ್ಲಿಯೇ ಬೇರೆ ವಿಭಾಗಕ್ಕೆ ಸೇರಿಸಿದ ಮಗುವು ಅಲ್ಲಿಗೆ ತಲುಪುವುದೇ ಇಲ್ಲ.

ಪಾಲಿಟೆಕ್ನಿಕ್ ಡಿಪ್ಲೊಮಾದ ಬಗ್ಗೆ ಹುನಗುಂದದ ವಾಚಕರೊಬ್ಬರು ಪತ್ರ ಬರೆದು ಕೇಳಿದ್ದಾರೆ. ಅದು ಮೂರು ವರ್ಷದ ಓದು, ಮುಗಿಸಿದವರು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಅದರ ವಿವರಗಳನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆನು.